ಅಣಬೆ ಹವಳದ ಜಲಸಮಾಧಿ

ರೆಂಜೊ ಬೊರ್ತೊಲಿನ್ ಕಡಲಂಚಿನ ಲುಸಿಂಡಾ ಊರಿನಲ್ಲಿ ಕಬ್ಬಿನ ರೈಲು ಓಡಿಸುತ್ತಿದ್ದ. ಅದನ್ನು ರೈಲು ಎಂದು ಕರೆಯುವುದು ಬರೀ ಮರ್ಯಾದೆಗೆ. ಹೊಲದಿಂದ ಸಕ್ಕರೆ ಕಾರ್ಖಾನೆಗೆ ಅದು ಹೋಗುವ ವೇಗದಲ್ಲಿ ಹಳಿಯ ಪಕ್ಕದ ಬಾತುಕೋಳಿಗಳು ಅದನ್ನು ಹಿಂದೆ ಹಾಕಿ, ನಿಂತು, ತಿರುಗಿ ನೋಡಿ, ಅಯ್ಯೋ ಪಾಪ ಎಂದುಕೊಂಡು ಮುಂದೆ ನಡೆಯುತ್ತಿದ್ದವು. ಅಂಥ ಕೆಲಸಕ್ಕೆ ಇಂಥವನೇ ಬೇಕಿತ್ತು. ಕಣ್ಣು ತೆರೆದುಕೊಂಡೇ ಕನಸು ಕಾಣುವ ವಿದ್ಯೆ ಅವನಿಗೆ ಹುಟ್ಟಿನಿಂದಲೇ ಬಂದಿತ್ತು. ಒಮ್ಮೆ ಕಾರ್ಖಾನೆ ಬಂದು ಹೋದದ್ದೂ ತಿಳಿಯದೆ ನಲವತ್ತು ಡಬ್ಬಿ ಕಬ್ಬನ್ನು ಎಳೆದುಕೊಂಡು ಮುಂದಕ್ಕೆ ಹೋಗಿಬಿಟ್ಟಿದ್ದ. ಹಳಿ ಮುಗಿದದ್ದರಿಂದ ನಿಂತ, ಇಲ್ಲದಿದ್ದರೆ ಇನ್ನೂ ಹೋಗುತ್ತಲೇ ಇರುತ್ತಿದ್ದ.

ಇಂಥವನ ಮನೆಯ ಹಜಾರದಲ್ಲಿ ಉಪ್ಪುನೀರಿನ ಗಾಜಿನ ತೊಟ್ಟಿಯೊಂದಿತ್ತು. ಅದರೊಳಗೆ ಕಿತ್ತಳೆ ಬಣ್ಣದ ಗಂಡಹೆಂಡಿರ ಒಂದು ಜೋಡಿ ಮೀನು. ನಡುವೆ ಕಲ್ಲಿನ ಮೇಲೆ, ಊಟದ ತಟ್ಟೆಯಷ್ಟು ಅಗಲದ ಅಣಬೆ ಹವಳ. ಹವಳ ಎಂದೊಡನೆ ಕಿವಿಯೋಲೆ ನೆನಪಾಗುವವರಿಗೆ ಹೇಳುತ್ತೇನೆ, ಇದು ಆ ಜಾತಿಯದಲ್ಲ. ಇದು ಮೆದು ಹವಳ, ಉಸಿರಾಡುವ ಪ್ರಾಣಿ. ಅಣಬೆಯಂತೆ ಕಾಂಡ, ಮೇಲೆ ಕೊಡೆ, ಕೊಡೆಯ ತುಂಬ ಸಾವಿರಾರು ಸಣ್ಣ ಎಳೆಗಳು. ನೀರು ಅಲುಗಿದಂತೆ ಎಳೆಗಳೆಲ್ಲ ಒಟ್ಟಿಗೆ ಆ ಕಡೆಗೆ, ಒಟ್ಟಿಗೆ ಈ ಕಡೆಗೆ ಓಲಾಡುತ್ತಿದ್ದವು. ಸಂಜೆ ನೀಲಿ ದೀಪ ಹತ್ತಿದರೆ ಸಾಕು, ಎದುರಿಗೆ ಕುಳಿತವರು ಯಾರೇ ಆಗಲಿ, ಐದು ನಿಮಿಷದಲ್ಲಿ ಬಾಯಿ ಅರ್ಧ ತೆರೆದು ಬೇರೆ ಯಾವುದೋ ಲೋಕಕ್ಕೆ ಹೋಗಿಬಿಡುತ್ತಿದ್ದರು. ರೆಂಜೊನ ಹೆಂಡತಿ ಲೊರೆಟ್ಟಾಳ ಮೂರು ಕೆಟಲ್‌ಗಳು ಹೀಗೇ ಒಲೆಯ ಮೇಲೆ ಬತ್ತಿ ಕರಕಲಾಗಿದ್ದವು. ಅವುಗಳಲ್ಲಿ ಎರಡನ್ನು ಸುಟ್ಟದ್ದು ಸ್ವತಃ ಲೊರೆಟ್ಟಾಳೇ ಎಂಬ ವಿಷಯವನ್ನು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಹವಳ ಅವನ ಸ್ವಂತದ್ದಲ್ಲ. ಅದರ ತಾಯಿ ಕ್ಲೆಮ್ ಟ್ರೆಲೋರ್ ಎಂಬ ಹಿರಿಯರ ಮನೆಯಲ್ಲಿ ಮೂವತ್ತೊಂದು ವರ್ಷ ಬದುಕಿತ್ತು. ಕ್ಲೆಮ್ ತೀರಿಕೊಂಡ ಮೇಲೆ ಅವರ ಹೆಂಡತಿ ಹಿಲ್ಡಾ ಅದನ್ನು ನೋಡಿಕೊಳ್ಳುತ್ತಿದ್ದರು. ಅದರದೇ ತುಂಡುಗಳು ಊರಿನ ಉಪ್ಪುನೀರು ಸಂಘದ ಹನ್ನೆರಡು ಮನೆಗಳಲ್ಲಿದ್ದವು. ಕೊನೆಯ ತುಂಡು ಬಂದದ್ದು ರೆಂಜೊನ ಮನೆಗೆ. ಅಷ್ಟರಲ್ಲಿ ಫೆಬ್ರವರಿಯ ಚಂಡಮಾರುತ ಬಂತು. ಒಂಬತ್ತು ದಿನ ಊರಿಗೆ ಕರೆಂಟಿಲ್ಲ. ನೀರು ಓಡಾಡದೆ ತೊಟ್ಟಿಗಳೆಲ್ಲ ಕೊಳೆತವು. ತಾಯಿ ಹವಳವೂ ಹೋಯಿತು, ಹನ್ನೊಂದು ಮನೆಯ ಮಕ್ಕಳೂ ಹೋದವು. ರೆಂಜೊನ ಮನೆಯ ಒಂದು ಮಾತ್ರ ಉಳಿಯಿತು. ಕಾರಣ ಇಷ್ಟೆ: ಹಳಿ ನೀರಲ್ಲಿ ಮುಳುಗಿ ರೈಲು ನಿಂತಿತ್ತು, ಅವನಿಗೆ ಕೆಲಸವಿರಲಿಲ್ಲ, ಸೂಪಿನ ಸೌಟು ಹಿಡಿದು ತೊಟ್ಟಿಯ ನೀರನ್ನು ಒಂಬತ್ತು ದಿನವೂ ಕಲಕುತ್ತ ಕುಳಿತಿದ್ದ. ಹವಳವನ್ನು ಉಳಿಸಬೇಕೆಂಬ ಯೋಚನೆ ಅವನ ತಲೆಗೆ ಬಂದಿರಲಿಲ್ಲ. ಕಲಕಿದರೆ ಎಳೆಗಳು ಓಲಾಡುತ್ತವೆ, ನೋಡಲು ಚೆಂದ, ಅದಕ್ಕೆ.

ಆದರೆ ಸಂಘದ ಸಭೆಯಲ್ಲಿ ಹನ್ನೊಂದು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದಾಗ ಯಾವ ಮನುಷ್ಯ ತಾನೇ ನಿಜ ಹೇಳುತ್ತಾನೆ? ರೆಂಜೊ ಗಂಟಲು ಸರಿಮಾಡಿಕೊಂಡು, "ಏನಿಲ್ಲ, ಹವಳದ ವಿಷಯದಲ್ಲಿ ನನಗೆ ಸ್ವಲ್ಪ ಕೈಗುಣ ಇದೆ," ಅಂದ. ಮಾತು ಆಡಿದರೆ ಹೋಯಿತು. ಅಂದಿನಿಂದ ಊರವರು ಬಾಡಿದ ಟೊಮೇಟೊ ಗಿಡ, ಮೊಟ್ಟೆ ಇಡದ ಕೋಳಿಗಳನ್ನೆಲ್ಲ ಅವನ ಮುಂದೆ ತಂದು ಹಿಡಿಯತೊಡಗಿದರು.

ಹಿಲ್ಡಾ ಸೊಂಟದ ಮೂಳೆಯ ಆಪರೇಷನ್ ಮಾಡಿಸಿಕೊಂಡು ಟೌನ್ಸ್‌ವಿಲ್‌ನಿಂದ ನವೆಂಬರಿನಲ್ಲಿ ಮರಳಿದರು. ಹೊಸ ತೊಟ್ಟಿ ಕೂರಿಸಿ, ನೀರು ಹದ ಮಾಡಿ, ಮೂರು ವಾರ ಕಾದು, ಡಿಸೆಂಬರಿನ ಮೊದಲ ಶನಿವಾರ ಬಂದು ಹವಳದ ಒಂದು ಪಾಲು ಒಯ್ಯುತ್ತೇನೆ ಎಂದು ಹೇಳಿಕಳಿಸಿದರು. ಲೋಕದಲ್ಲಿ ಕ್ಲೆಮ್ ಬಿಟ್ಟುಹೋದ ಜೀವವೆಂದರೆ ಅದೊಂದೇ. ಅವರಿಗೆ ಮಕ್ಕಳಿರಲಿಲ್ಲ.

ಆ ಶನಿವಾರಕ್ಕೆ ಹತ್ತು ದಿನ ಮುಂಚೆ, ಬುಧವಾರ, ರೆಂಜೊ ಕೆಲಸದಿಂದ ಬಂದು ನೋಡುತ್ತಾನೆ, ಹವಳ ಕೊಡೆ ಮುಚ್ಚಿಕೊಂಡಿದೆ. ಒಂದೂ ಎಳೆ ಹೊರಗಿಲ್ಲ. ಮರುದಿನ ಬೂದಿ ಬಣ್ಣಕ್ಕೆ ತಿರುಗಿತು. ಅದರ ಮರುದಿನ ಮೈಮೇಲೆ ಮೇಣ ಸವರಿದ ಹಾಗಾಯಿತು. ಭಾನುವಾರದ ಹೊತ್ತಿಗೆ ಅದು ಹಳೆಯ ಬೂಟು ತೊಟ್ಟಿಗೆ ಬಿದ್ದಂತೆ ಕಾಣುತ್ತಿತ್ತು.

ಸಂಘದವರನ್ನು ಒಂದು ಮಾತು ಕೇಳಿದ್ದರೆ ಮುಗಿದುಹೋಗುತ್ತಿತ್ತು. ಕೈಗುಣ ಇರುವವನು ಹೇಗೆ ಕೇಳಿಯಾನು? ಕದ್ದುಮುಚ್ಚಿ ಫೋನಿನಲ್ಲಿ ಹುಡುಕಿದ. 'ಎಲ್ಲಕ್ಕಿಂತ ಗಟ್ಟಿ ಜೀವ. ಹೊಸಬರಿಗೂ ಮಕ್ಕಳಿಗೂ ತಕ್ಕದ್ದು. ಇದನ್ನು ಸಾಯಿಸುವುದೇ ಕಷ್ಟ' ಎಂದು ಮೊದಲ ಸಾಲಿನಲ್ಲೇ ಬರೆದಿತ್ತು. ಎರಡನೆಯ ಸಾಲು ಓದುವ ಧೈರ್ಯ ಅವನಿಗೆ ಬರಲಿಲ್ಲ.

ಪಕ್ಕದ ಮನೆಯ ಡಡ್ಲಿಯನ್ನು ಕರೆದ. ಡಡ್ಲಿ ನಲವತ್ತು ವರ್ಷ ಊರಿನ ಕೊಳಾಯಿಗಳನ್ನು ರಿಪೇರಿ ಮಾಡಿ ನಿವೃತ್ತನಾದವನು. ನೀರಿಗೆ ಸಂಬಂಧಪಟ್ಟ ಸಮಸ್ತವೂ ತನಗೆ ತಿಳಿದಿದೆ ಎಂದು ಭಾವಿಸಿದ್ದ. ಅವನು ತೊಟ್ಟಿಗೆ ಕೈ ಅದ್ದಿ, ಬೆರಳನ್ನು ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿಕೊಂಡು ಒಂದು ಉಸಿರೆಳೆದ.

"ಹೋಗ್ಬಿಟ್ಟಿದೆ ಕಣೋ," ಅಂದ.

"ಖಂಡಿತಾನಾ?"

"ನಾತ ನೋಡು. ಕನಿಷ್ಠ ನಾಲ್ಕು ದಿನದ ಹೆಣ. ನನ್ನ ಮೂಗು ಇವತ್ತಿನವರೆಗೂ ಸುಳ್ಳು ಹೇಳಿಲ್ಲ ರೆಂಜೊ."

ಮೂಗು ಸುಳ್ಳು ಹೇಳಿರಲಿಲ್ಲ. ಡಡ್ಲಿ ಆಗಷ್ಟೇ ಕಡಲ ಕಟ್ಟೆಯ ಮೇಲೆ ಕೂತು ಗಾಳ ಹಾಕಿ ಬಂದಿದ್ದ. ಗಾಳಕ್ಕೆ ಸಿಕ್ಕಿಸುವ ಸಿಗಡಿ ನಾಲ್ಕು ದಿನದಿಂದ ಅವನ ಡಬ್ಬಿಯಲ್ಲೇ ಇತ್ತು. ಕೈ ತೊಳೆಯುವ ಅಭ್ಯಾಸ ಆ ಮನುಷ್ಯನಿಗೆ ಮೊದಲಿನಿಂದಲೂ ಇರಲಿಲ್ಲ.

ರೆಂಜೊ ತೊಟ್ಟಿಯ ಮೇಲೆ ಬಿಳಿ ಬೆಡ್‌ಶೀಟ್ ಹೊದಿಸಿದ. ಲೊರೆಟ್ಟಾ ಸಂಜೆ ಬಂದು ನೋಡಿ, "ಯಾರ ಕಣ್ಣಿಗೆ ಮಣ್ಣೆರಚ್ತಿದೀಯ? ಹಿಲ್ಡಾಗೆ ಫೋನ್ ಮಾಡಿ ನಿಜ ಹೇಳು. ಈಗಲೇ ಹೇಳು. ಇಲ್ಲಾಂದ್ರೆ ನಾನೇ ಹೇಳ್ತೀನಿ," ಅಂದಳು.

"ಹೇಳ್ತೀನಿ, ಹೇಳ್ತೀನಿ. ಮಾತು ಹೊಂದಿಸ್ಕೋತಾ ಇದೀನಿ."

"ಏನು ಹೊಂದಿಸೋದು? ಸತ್ತಿದೆ ಅನ್ನೋದಕ್ಕೆ ಎಷ್ಟು ಮಾತು ಬೇಕು?"

ಫೋನ್ ಮಾಡಿದ. ಅವನು ಬಾಯಿ ತೆರೆಯುವ ಮೊದಲೇ ಹಿಲ್ಡಾ ಶುರುಮಾಡಿಬಿಟ್ಟರು. "ರೆಂಜೊನಾ? ನೂರು ವರ್ಷ ಆಯಸ್ಸು ನಿನಗೆ, ಈಗ ತಾನೇ ನೆನೆಸ್ಕೊಂಡೆ. ನೋಡು, ತೊಟ್ಟಿ ಎದುರಿಗೆ ಎರಡು ಕುರ್ಚಿ ಹಾಕಿದೀನಿ. ಒಂದು ಸಾಕು ಅಂತ ಗೊತ್ತು. ಆದರೂ ಕೈ ಕೇಳಲಿಲ್ಲ. ಬರೀ ನೀರು ನೋಡ್ಕೊಂಡೇ ಒಂದು ಗಂಟೆ ಕೂತಿದ್ದೆ ಕಣೋ, ಹುಚ್ಚಿ ನಾನು. ಹೇಗಿದೆ ಅದು?"

ರೆಂಜೊ ಬೆಡ್‌ಶೀಟ್ ಕಡೆ ನೋಡಿದ. "ಚೆನ್ನಾಗಿದೆ," ಅಂದ. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. "ಇನ್ನೂ ದಪ್ಪ ಆಗಿದೆ. ನೀವು ನೋಡಿದ್ರೆ ಗುರುತೇ ಹಿಡಿಯಲ್ಲ."

ಲೊರೆಟ್ಟಾ ಹಣೆ ಚಚ್ಚಿಕೊಂಡಳು.

ಈಗ ಇದು ಗಂಟಲಲ್ಲಿ ಸಿಕ್ಕ ಬಿಸಿ ತುಪ್ಪವಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಡಡ್ಲಿ ಮತ್ತೆ ನೆರವಿಗೆ ಬಂದ. ಅಂಥವರು ಕರೆಯದಿದ್ದರೂ ಬರುತ್ತಾರೆ. "ಅಣಬೆ ಥರ ಇರೋದಕ್ಕೆ ಅಣಬೆನೇ ಇಟ್ರೆ ಆಯ್ತಪ್ಪ," ಅಂದ. "ಎಂಬತ್ತೆರಡು ವರ್ಷದ ಕಣ್ಣು, ನೀಲಿ ದೀಪ, ಒಂದು ಕಪ್ ಟೀ. ಯಾರಿಗೆ ಗೊತ್ತಾಗುತ್ತೆ?"

ಅಂಗಡಿಯಲ್ಲಿದ್ದ ಅತಿ ದೊಡ್ಡ ಕಂದು ಅಣಬೆ ಬಂತು. ಹವಳದ ಪಕ್ಕದ ಕಲ್ಲಿನ ಮೇಲೆ ಇಟ್ಟರು. ಅದು ಗಂಭೀರವಾಗಿ ಮೇಲಕ್ಕೆ ತೇಲಿತು. ಗಾಳದ ದಾರ ಕಟ್ಟಿ, ಸೀಸದ ಗುಂಡು ಜೋಡಿಸಿ ಮತ್ತೆ ಮುಳುಗಿಸಿದರು. ಈ ಸಲ ನಿಂತಿತು, ಆದರೆ ತಲೆಕೆಳಗಾಗಿ ನಿಂತಿತು. ನೇರ ಮಾಡಿದ ಮೇಲೆ ನೀರಿನ ಸೆಳೆತಕ್ಕೆ ಮೆಲ್ಲಗೆ ಗಿರಗಿರನೆ ಸುತ್ತತೊಡಗಿತು. ಬೆಡ್‌ಶೀಟ್ ಸರಿಸಿ ಇಬ್ಬರೂ ನೋಡುತ್ತ ಕುಳಿತರು. ನೀಲಿ ಬೆಳಕಿನಲ್ಲಿ ಅಣಬೆ ಸುತ್ತುತ್ತಿತ್ತು. ಸ್ವಲ್ಪ ಹೊತ್ತಿಗೆ ಹೆಣ್ಣು ಮೀನು ಬಂದು ಅದರ ಸುತ್ತ ಎರಡು ಪ್ರದಕ್ಷಿಣೆ ಹಾಕಿತು, ಕೆನ್ನೆ ಉಜ್ಜಿತು, ಗಂಡನನ್ನೂ ಕರೆದುಕೊಂಡು ಬಂದು ಅಣಬೆಯ ನೆರಳಿನಲ್ಲಿ ಸಂಸಾರ ಹೂಡಿತು. ಒಂದು ವರ್ಷ ಹವಳದ ಮಡಿಲಲ್ಲಿ ಮಲಗಿದ್ದ ಮೀನುಗಳು!

"ನೋಡಿದ್ಯಾ, ಮೀನೇ ನಂಬಿತು," ಡಡ್ಲಿ ತೂಕಡಿಸುವ ದನಿಯಲ್ಲಿ ಅಂದ.

ರೆಂಜೊನ ಕಣ್ಣಲ್ಲಿ ನೀರು ಬಂತು. "ಹೆಣ ಪಕ್ಕದಲ್ಲೇ ಇದೆ ಡಡ್ಲಿ. ಇಷ್ಟು ಬೇಗ ಮರೆತುಬಿಟ್ವಾ ಇವು?"

ಇಬ್ಬರೂ ಎಷ್ಟು ಹೊತ್ತು ಹಾಗೆ ಕುಳಿತಿದ್ದರೋ ಏನೋ. ಲೊರೆಟ್ಟಾ ಬಂದು ಅಣಬೆಯನ್ನು ಹೊರಗೆ ತೆಗೆದು, ದಾರ ಬಿಚ್ಚಿ, ತಿಪ್ಪೆಗೆ ಎಸೆದು, ಗಂಡನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು. "ನಾಳೆ ಶನಿವಾರ. ಆಯಮ್ಮ ಬಾಗಿಲಿಗೆ ಬರೋದರೊಳಗೆ ನೀನು ಮನುಷ್ಯನ ಹಾಗೆ ನಡ್ಕೋಬೇಕು."

ಮನುಷ್ಯನ ಹಾಗೆ ನಡೆದುಕೊಳ್ಳುವುದು ಎಂದರೆ ಏನೆಂದು ರೆಂಜೊ ಯೋಚಿಸಿದ. ಕ್ಲೆಮ್‌ರ ಬೂದಿಯನ್ನು ಲುಸಿಂಡಾದ ಕಡಲಿಗೇ ಬಿಟ್ಟಿದ್ದರು. ಹವಳವನ್ನೂ ಅಲ್ಲೇ, ಅವರ ಪಕ್ಕದಲ್ಲೇ, ಮರ್ಯಾದೆಯಿಂದ ಬಿಟ್ಟು ಬರುವುದು. ಆಮೇಲೆ ನೆಟ್ಟಗೆ ಹಿಲ್ಡಾರ ಮನೆಗೆ ಹೋಗಿ, ನಾನು ಸಾಯಿಸಿದೆ, ಆದರೆ ಕ್ಲೆಮ್‌ಗೆ ಒಪ್ಪಿಸಿ ಬಂದೆ ಎಂದು ಹೇಳಿಬಿಡುವುದು. ಅವನ ಬಾಳಿನಲ್ಲೇ ಇಷ್ಟು ದೊಡ್ಡ ತೀರ್ಮಾನ ಅವನು ಒಬ್ಬನೇ ಮಾಡಿರಲಿಲ್ಲ.

ಶನಿವಾರ ಬೆಳಿಗ್ಗೆ ಏಳು ಗಂಟೆ. ಕಡಲು ಇಳಿದಿತ್ತು. ನೀರು ಹಾಲಿನಂತೆ ಅಲುಗದೆ ಬಿದ್ದಿತ್ತು. ಎಲ್ಲಿ ನೀರು ಮುಗಿಯುತ್ತದೆ, ಎಲ್ಲಿ ಆಕಾಶ ಶುರುವಾಗುತ್ತದೆ ಎಂದು ಹೇಳುವಂತಿರಲಿಲ್ಲ. ಸಕ್ಕರೆ ಹಡಗಿಗೆ ತುಂಬುವ ಉದ್ದನೆಯ ಕಟ್ಟೆ ಅದರೊಳಗೆ ನಡೆದುಹೋಗಿ ಎಲ್ಲೋ ಕರಗಿತ್ತು. ಈ ಅರೆಗನಸಿನಂಥ ದೃಶ್ಯದ ನಡುವೆ, ಮೊಣಕಾಲುದ್ದ ನೀರಿನಲ್ಲಿ ರೆಂಜೊ ನಿಂತಿದ್ದ. ಮೇಲೆ ಮದುವೆಯ ಕೋಟು, ಟೈ. ಕೆಳಗೆ ಚಡ್ಡಿ. ಡಿಸೆಂಬರ್ ಎಂದರೆ ಕುಟುಕುವ ಜೆಲ್ಲಿಮೀನಿನ ಕಾಲವಾದ್ದರಿಂದ ಚಡ್ಡಿಯ ಕೆಳಗೆ ಹೆಂಡತಿಯ ಕರಿಯ ನೈಲಾನ್ ಕಾಲುಚೀಲ. ಕೈಯಲ್ಲಿ ಬಕೆಟ್ಟು. ದಡದಲ್ಲಿ ಡಡ್ಲಿ, ಟೋಪಿ ತೆಗೆದು ಎದೆಗೆ ಹಿಡಿದು, ಮೊಸಳೆ ಇದೆ ಎಚ್ಚರಿಕೆ ಎಂಬ ಬೋರ್ಡಿಗೆ ಒರಗಿ ನಿಂತಿದ್ದ.

"ಬೇಗ ಮುಗಿಸೋ," ಅಂದ ಡಡ್ಲಿ. "ಏನಾದ್ರೂ ನಾಲ್ಕು ಮಾತು ಹೇಳು."

"ಕ್ಲೆಮ್," ಎಂದ ರೆಂಜೊ ಕಡಲಿಗೆ.

"ಗುರುವೇ, ಬಕೆಟ್ಟಲ್ಲಿ ಏನಿದೆ?"

ಇದು ಕ್ಲೆಮ್‌ರ ದನಿಯಲ್ಲ. ಹಿಂದೆ ಮೀನುಗಾರಿಕೆ ಇಲಾಖೆಯ ಅಧಿಕಾರಿ ಎಫ್ರೈಮ್ ನೋನಾ ನಿಂತಿದ್ದ. ಉತ್ತರದ ದ್ವೀಪಗಳ ಕಡೆಯವನು, ಬಾಗಿಲು ತುಂಬುವಷ್ಟು ಅಗಲ, ದನಿ ಮಾತ್ರ ತೀರ ಮೆತ್ತಗೆ. ಅವನ ಕಣ್ಣು ಕೋಟಿನಿಂದ ಕಾಲುಚೀಲಕ್ಕೆ ಇಳಿಯಿತು. ಅಲ್ಲೇ ಸ್ವಲ್ಪ ಹೊತ್ತು ತಂಗಿತು.

"ಹವಳ," ಅಂದ ರೆಂಜೊ.

ಎಫ್ರೈಮ್ ಜೇಬಿನಿಂದ ನೋಟ್‌ಬುಕ್ ತೆಗೆದ. "ಕಡಲಿಂದ ಹವಳ ತೆಗೆಯೋದು ಅಪರಾಧ. ಗೊತ್ತು ತಾನೇ?"

"ತೆಗೀತಿಲ್ಲಪ್ಪ, ಹಾಕ್ತಿದೀನಿ!"

ಎಫ್ರೈಮ್ ಒಂದು ಹಾಳೆ ಮಗುಚಿದ. "ಮನೇಲಿ ಸಾಕಿದ್ದನ್ನ ಕಡಲಿಗೆ ಬಿಡೋದೂ ಅಪರಾಧ."

"ಇದು ಸತ್ತಿದೆ."

"ಸತ್ತಿದ್ದನ್ನ ಹಾಕಿದ್ರೆ ಕಸ ಸುರಿದ ಹಾಗೆ. ಅದಕ್ಕೆ ಬೇರೆ ಹಾಳೆ ಇದೆ."

"ಹಾಗಾದ್ರೆ ವಾಪಸ್ ಮನೆಗೆ ತಗೊಂಡು ಹೋಗ್ತೀನಿ."

"ಹವಳ ಹಿಡ್ಕೊಂಡು ಕಡಲಿಂದ ಮೇಲೆ ಬಂದ್ರೆ ನಾನು ಏನಂತ ತಿಳ್ಕೋಬೇಕು? ಮೊದಲನೇ ಹಾಳೆ ಮತ್ತೆ ಬಂತಲ್ಲ."

"ಮತ್ತೆ ನಾನೇನ್ ಮಾಡ್ಲಿ?"

ಎಫ್ರೈಮ್ ಪ್ರಾಮಾಣಿಕವಾಗಿ ಯೋಚಿಸಿದ. "ಸದ್ಯಕ್ಕೆ ಅಲ್ಲೇ ನಿಂತಿರು."

"ರೀ ಸ್ವಾಮಿ, ಇಲ್ಲಿ ಮೊಸಳೆ ಬೋರ್ಡಿದೆ!" ಎಂದು ಡಡ್ಲಿ ಕೂಗಿದ.

"ಹಾಗಾದ್ರೆ ಎರಡು ಹೆಜ್ಜೆ ಹಿಂದೆ ಬಂದು ನಿಂತ್ಕೋ," ಅಂದ ಎಫ್ರೈಮ್. "ಹವಳ ಯಾರದು?"

"ಹಿಲ್ಡಾ ಟ್ರೆಲೋರ್ ಅವರದು. ಅಲ್ಲ, ಕ್ಲೆಮ್‌ದು. ಫೋನ್ ಮಾತ್ರ ಮಾಡ್ಬೇಡ ಮಾರಾಯ, ಕೈ ಮುಗೀತೀನಿ. ನಾನೇ ಹೋಗಿ ಹೇಳೋನಿದ್ದೆ. ಬೇಕಾದ್ರೆ ಮೂರೂ ಹಾಳೆ ನನ್ನ ಹೆಸರಿಗೆ ಬರ್ಕೋ."

ಕೈ ಮುಗಿಯಲು ಬಕೆಟ್ಟು ಬಿಡಬೇಕಿತ್ತು, ಬಿಡುವ ಹಾಗಿರಲಿಲ್ಲ. ಎಫ್ರೈಮ್ ಫೋನ್ ಮಾಡಿಬಿಟ್ಟಿದ್ದ.

ಹತ್ತು ನಿಮಿಷಕ್ಕೆ ಹಿಲ್ಡಾರ ಹಳೆಯ ಕಾರು ಮರಳಿನ ಅಂಚಿಗೆ ಬಂದು ನಿಂತಿತು. ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಹವಳ ಒಯ್ಯಲೆಂದು ತಂದಿದ್ದ ಗಾಜಿನ ಜಾಡಿ. ಮರಳಿನ ಮೇಲೆ ಒಂದೊಂದೇ ಹೆಜ್ಜೆ ಇಟ್ಟುಕೊಂಡು ಅವರು ಬರುತ್ತಿದ್ದರು. ರೆಂಜೊ ಕಡಲಂಚಿಗೆ ಬಂದು ಬಕೆಟ್ಟನ್ನು ಮರಳ ಮೇಲಿಟ್ಟ.

"ಹಿಲ್ಡಾ," ಅಂದ. "ದಪ್ಪ ಆಗಿದೆ ಅಂದಿದ್ದು ಸುಳ್ಳು. ಕೈಗುಣಾನೂ ಸುಳ್ಳು, ಸೌಟು ಹಿಡ್ಕೊಂಡು ಸುಮ್ನೆ ಕೂತಿದ್ದೆ ಅಷ್ಟೆ. ನಿಮ್ಮದು ಉಳಿದಿದ್ದೇ ಒಂದು. ಅದನ್ನೂ ನಾನು ಸಾಯಿಸಿಬಿಟ್ಟೆ." ಹೇಳುತ್ತ ಹೇಳುತ್ತ ಐವತ್ತಾರು ವರ್ಷದ ಗಂಡಸು, ಮದುವೆಯ ಕೋಟಿನ ತೋಳಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಡಡ್ಲಿ ಬೋರ್ಡನ್ನು ಓದುವವನಂತೆ ಆ ಕಡೆ ತಿರುಗಿದ.

ಹಿಲ್ಡಾ ಬಕೆಟ್ಟಿನೊಳಗೆ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು.

"ಎಷ್ಟು ದಿನ ಆಯ್ತು ಹೀಗಾಗಿ?"

"ಹತ್ತು."

"ಮೇಣದ ಥರ ಪೊರೆ ಕಟ್ಟಿತಾ?"

"ಹ್ಞೂಂ."

"ಸತ್ತಿದೆ ಅಂತ ಯಾರು ಹೇಳಿದ್ದು?"

"ಡಡ್ಲಿ ಮೂಗು," ಅಂದ ರೆಂಜೊ. ಡಡ್ಲಿ ತನ್ನ ಬೆರಳನ್ನು ಹಿಂದಕ್ಕೆ ಅಡಗಿಸಿಕೊಂಡ.

ಹಿಲ್ಡಾ ಅಂಗಿಯ ತೋಳು ಮೇಲಕ್ಕೆ ಸರಿಸಿ, ಕೈಯನ್ನು ಬಕೆಟ್ಟಿನ ನೀರಿಗಿಳಿಸಿ, ಹವಳದ ಮೇಲೆ ಬೀಸಣಿಗೆಯಂತೆ ಮೆಲ್ಲಗೆ ಆಡಿಸಿದರು. ಬೂದಿ ಬಣ್ಣದ ಪೊರೆ ಒಂದು ಅಂಚಿನಲ್ಲಿ ಎದ್ದಿತು. ಮತ್ತೆ ಆಡಿಸಿದರು. ಕಾಸಿದ ಹಾಲಿನ ಕೆನೆಯ ಹಾಗೆ ಅದು ಇಡಿಯಾಗಿ ಬಿಟ್ಟುಕೊಂಡು ತೇಲಿತು. ಅದರ ಕೆಳಗೆ ಹವಳ ಹೊಚ್ಚ ಹೊಸದಾಗಿ, ಎಳೆ ಬೆಣ್ಣೆಯ ಬಣ್ಣದಲ್ಲಿ ಕುಳಿತಿತ್ತು.

"ಚರ್ಮ ಬಿಡ್ತಿದೆ ಕಣೋ ಪೆದ್ದ. ವರ್ಷಕ್ಕೊಮ್ಮೆ, ಎರಡು ವರ್ಷಕ್ಕೊಮ್ಮೆ ಹೀಗೆ ಮುಚ್ಕೊಂಡು ಕೂರುತ್ತೆ. ತಾನಾಗೇ ತೊಳ್ಕೊಂಡು ಏಳುತ್ತೆ. ಮೊದಲನೇ ಸಲ ಕ್ಲೆಮ್ ಮಾವಿನ ಮರದ ಕೆಳಗೆ ಗುಂಡಿ ತೋಡಿದ್ದ. ಪ್ರಾರ್ಥನೆ ಪುಸ್ತಕ ಸಿಗಲಿಲ್ಲ ಅಂತ ಉಳೀತು." ಹಿಲ್ಡಾ ನಗುತ್ತಿದ್ದರು, ಕೆನ್ನೆಯ ಮೇಲೆ ಕಣ್ಣೀರು ಇಳಿಯುತ್ತಿತ್ತು.

ನಾಲ್ವರೂ ಬಕೆಟ್ಟಿನ ಸುತ್ತ ಮರಳಿನಲ್ಲಿ ಕುಳಿತರು. ಎಷ್ಟು ಹೊತ್ತಾಯಿತೆಂದು ಯಾರೂ ನೋಡಲಿಲ್ಲ. ಬಿಸಿಲು ಏರಿತು. ಕಡಲು ಸದ್ದಿಲ್ಲದೆ ಹತ್ತಿರ ಬಂದು ಅವರ ಕಾಲು ತೋಯಿಸಿತು. ಕೊಡೆಯ ಅಂಚಿನಲ್ಲಿ ಗುಂಡುಸೂಜಿಯ ತಲೆಯಷ್ಟು ಸಣ್ಣ ಎಳೆಯೊಂದು ಹೊರಗೆ ಇಣುಕಿತು. ಆಮೇಲೆ ಇನ್ನೊಂದು, ಇನ್ನೆರಡು. ಎಫ್ರೈಮ್‌ನ ಬಾಯಿ ಅರ್ಧ ತೆರೆದಿತ್ತು, ನೋಟ್‌ಬುಕ್ ಮರಳಿಗೆ ಬಿದ್ದಿತ್ತು. "ಇದನ್ನ ಸಾಕೋದು ಕಷ್ಟಾನಾ?" ಎಂದು ಪಿಸುದನಿಯಲ್ಲಿ ಕೇಳಿದ.

"ಸಾಯಿಸೋದು ಕಷ್ಟ," ಎಂದು ಹಿಲ್ಡಾ ಹೆಗಲಿನ ಚೀಲದಿಂದ ದೊಡ್ಡ ಕತ್ತರಿ ತೆಗೆದು, ಯಾರಿಗೂ ತಿಳಿಯುವ ಮೊದಲೇ ಹವಳವನ್ನು ನಡುವಿನಿಂದ ಕಚಕ್ಕನೆ ಕತ್ತರಿಸಿದರು.

ರೆಂಜೊ ಕಿಟಾರನೆ ಕಿರುಚಿದ. ಕಟ್ಟೆಯ ಮೇಲಿದ್ದ ಹಕ್ಕಿಗಳೆಲ್ಲ ಎದ್ದವು.

"ಬಾಯಿ ಮುಚ್ಚು. ಹೀಗೇ ಮಾಡೋದು. ಎರಡೂ ಬೆಳೆಯುತ್ತೆ." ಕತ್ತರಿ ಓರೆಯಾಗಿ ಹೋಗಿ ಒಂದು ಚೂರು ಸಣ್ಣದಾಗಿತ್ತು, ಇನ್ನೊಂದು ಅದರ ಎರಡರಷ್ಟಿತ್ತು. ಹಿಲ್ಡಾ ಜಾಡಿಗೆ ಬಕೆಟ್ಟಿನ ನೀರು ತುಂಬಿ, ಸಣ್ಣ ಚೂರನ್ನು ಅದರೊಳಗೆ ಇಳಿಸಿದರು.

"ಅದಲ್ಲ, ದೊಡ್ಡದು ನಿಮ್ಮದು," ಅಂದ ರೆಂಜೊ. "ಕ್ಲೆಮ್‌ದು ಅದು. ನನ್ನಂಥವನ ಹತ್ತಿರ ಬಿಡಬೇಡಿ. ಜೀವ ಇರೋದನ್ನೇ ಮಣ್ಣು ಮಾಡೋಕೆ ಬಂದಿದ್ದೆ ನಾನು."

"ಬಂದಿದ್ದೆ. ಕೋಟು ಹಾಕ್ಕೊಂಡು ಬಂದಿದ್ದೆ," ಅಂದರು ಹಿಲ್ಡಾ. "ನನಗೆ ಎಂಬತ್ತೆರಡಾಯ್ತು ರೆಂಜೊ. ಇದು ನನಗಿಂತ ಹೆಚ್ಚು ದಿನ ಬದುಕುತ್ತೆ. ದೊಡ್ಡದು ನಿನ್ನ ಹತ್ತಿರ ಇರಲಿ."

ರೆಂಜೊ ಬಕೆಟ್ಟನ್ನು ಎತ್ತಿ ಎದೆಗವಚಿಕೊಂಡ. ಹಿಲ್ಡಾ ಎಫ್ರೈಮ್‌ನ ತೋಳು ಹಿಡಿದು ಎದ್ದು, ಕಾರಿನ ಕಡೆಗೆ ನಾಲ್ಕು ಹೆಜ್ಜೆ ಹೋಗಿ, ಏನೋ ನೆನಪಾದವರಂತೆ ತಿರುಗಿ ನಿಂತರು.

"ಆದರೆ ಒಂದು ಮಾತು ಕೊಡು. ನಾನೂ ಒಂದು ದಿನ ಹೀಗೇ ಮುಚ್ಕೊಂಡು ಕೂತಿರ್ತೀನಲ್ಲ, ಆವತ್ತು ಈ ಡಡ್ಲಿಯ ಮೂಗಿನ ಮಾತು ಕೇಳ್ಕೊಂಡು ಓಡಿಬರಬೇಡ. ಹೂಳೋ ಮುಂಚೆ ಹತ್ತು ದಿನ ಕಾದು ನೋಡು."

"ಕಾಯ್ತೀನಿ," ಅಂದ ರೆಂಜೊ, ಪ್ರಮಾಣ ಮಾಡುವವನಂತೆ ನೆಟ್ಟಗೆ ನಿಂತು.

ಎಫ್ರೈಮ್ ಬಗ್ಗಿ ಮರಳಿನಿಂದ ನೋಟ್‌ಬುಕ್ ಎತ್ತಿಕೊಂಡು, ಅದನ್ನೂ ಬರೆದುಕೊಂಡ.